ತೋಟ ಕ್ಲೀನ್ ಇರಬೇಕು ಅನ್ನೋ ಹಠ ಬಿಡಿ: ದೊಡ್ಡ ಕಾಫಿ ತೋಟದ ಮಣ್ಣನ್ನು ಮತ್ತೆ ಎಬ್ಬಿಸುವುದು ಹೇಗೆ

ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ ಒಂದು ಕೆಲಸ ಮಾಡಿ. ಗಂಬೂಟ್ ಹಾಕಿಕೊಂಡು, ಎರಡು ಖಾಲಿ ಬಾಟಲಿ ಹಿಡಿದು ನಿಮ್ಮ ತೋಟದ ಕೊಲ್ಲಿಗೆ, ಅಂದರೆ ಸಣ್ಣ ತೊರೆಗೆ, ಇಳಿಯಿರಿ. ಕೊಲ್ಲಿ ತೋಟದೊಳಗೆ ಬರುವ ಕಡೆ ಒಂದು ಬಾಟಲಿ ನೀರು ತುಂಬಿ, ತೋಟ ಬಿಟ್ಟು ಹೋಗುವ ಕಡೆ ಇನ್ನೊಂದು. ಎರಡನ್ನೂ ಒಂದು ರಾತ್ರಿ ಮೇಜಿನ ಮೇಲೆ ಬಿಡಿ. ಬೆಳಿಗ್ಗೆ ತಳದಲ್ಲಿ ಕೂತ ಕೆಸರು ನೋಡಿ. ಎರಡನೇ ಬಾಟಲಿಯಲ್ಲಿ ಜಾಸ್ತಿ ಕೂತಿದೆ ಅಲ್ವಾ? ಅದು ನಿಮ್ಮ ತೋಟದ ಮಣ್ಣು. ಮೇ ತಿಂಗಳಲ್ಲಿ ದುಡ್ಡು ಕೊಟ್ಟು ಹಾಕಿಸಿದ ಗೊಬ್ಬರದ ಒಂದು ಪಾಲೂ ಅದರ ಜೊತೆಗೇ ಹೋಗುತ್ತಿದೆ.

ರೀಜನರೇಟಿವ್ ಕೃಷಿ ಅಂತ ಈಗ ಎಲ್ಲರ ಬಾಯಲ್ಲೂ ಇದೆ. ಕಾಫಿ ಕೊಳ್ಳುವವರು ಕೇಳುತ್ತಾರೆ, ಸರ್ಟಿಫಿಕೇಟ್ ಕೊಡುವವರು ಕೇಳುತ್ತಾರೆ. ಸರಳವಾಗಿ ಹೇಳಬೇಕೆಂದರೆ ಇಷ್ಟೇ: ನೆಲ ಬೋಳಾಗಿ ಬಿಡಬಾರದು, ಸುಮ್ನೆ ಅಗೆಯಬಾರದು, ತೋಟದಲ್ಲಿ ಬೆಳೆದದ್ದು ತೋಟಕ್ಕೇ ವಾಪಸ್ ಹೋಗಬೇಕು, ಒಂದೇ ಜಾತಿಯ ಮರ ತುಂಬಿಕೊಳ್ಳಬಾರದು. ಎರಡು ಎಕರೆ ಇರುವವರಿಗೆ ಇದು ಕಷ್ಟವಲ್ಲ, ಬೆಳಿಗ್ಗೆ ಎದ್ದು ತಾವೇ ಮಾಡಿಕೊಳ್ಳುತ್ತಾರೆ. ನೂರು ಎಕರೆ ದಾಟಿದರೆ ಕಥೆ ಬೇರೆ. ಅಲ್ಲಿ ಆಳು ಸಿಗಬೇಕು, ಮೇಸ್ತ್ರಿ ಒಪ್ಪಬೇಕು, ರೈಟರ್ (ತೋಟದ ಗುಮಾಸ್ತ) ಬರೆದುಕೊಳ್ಳಬೇಕು, ಪಾಲುದಾರರು ಸುಮ್ಮನಿರಬೇಕು. ನಾನು ನೋಡಿಕೊಳ್ಳುವ ತೋಟ ಕೊಡಗಿನ ಸಿದ್ದಾಪುರದ ಕಡೆ ಇದೆ. ನೂರೈವತ್ತು ಎಕರೆ ಚಿಲ್ಲರೆ, ಮುಕ್ಕಾಲು ಪಾಲು ರೋಬಸ್ಟಾ, ಮೇಲಿನ ಬರೆಯಲ್ಲಿ (ಇಳಿಜಾರಿನಲ್ಲಿ) ಒಂದಿಷ್ಟು ಅರೇಬಿಕಾ, ಎಲ್ಲಾ ಕಡೆ ಮೆಣಸು. ಅಲ್ಲಿ ಮಾಡಿದ್ದನ್ನು, ಕೆಟ್ಟದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಒಂದು ಬ್ಲಾಕಿನಿಂದ ಶುರು

ಇಡೀ ತೋಟಕ್ಕೆ ಒಮ್ಮೆಲೇ ಕೈ ಹಾಕಬೇಡಿ. ಹತ್ತು, ಹದಿನೈದು ಎಕರೆಯ ಒಂದು ಬ್ಲಾಕ್ ಆರಿಸಿ. ಅತಿ ಕೆಟ್ಟ ಬ್ಲಾಕ್ ಬೇಡ, ಅಲ್ಲಿ ಏನು ಮಾಡಿದರೂ ಬೇಗ ಫಲ ಕಾಣುವುದಿಲ್ಲ, ಎಲ್ಲರೂ ನಗುತ್ತಾರೆ. ಅತಿ ಒಳ್ಳೆಯದೂ ಬೇಡ. ಮಧ್ಯಮದ್ದು ತೆಗೆದುಕೊಳ್ಳಿ, ಅದೂ ದಿನಾ ಜನ ಓಡಾಡುವ ರಸ್ತೆ ಪಕ್ಕದ್ದಾದರೆ ಒಳ್ಳೆಯದು. ಅದರ ಪಕ್ಕದ ಬ್ಲಾಕನ್ನು ಹಳೇ ಪದ್ಧತಿಯಲ್ಲೇ ಬಿಡಿ, ಹೋಲಿಸಿ ನೋಡಲು ಬೇಕಾಗುತ್ತದೆ.

ಮೊದಲು ಮಣ್ಣು ಪರೀಕ್ಷೆ. ಗೊಬ್ಬರ ಅಥವಾ ಸುಣ್ಣ ಹಾಕಿ ಎರಡು, ಮೂರು ತಿಂಗಳು ಕಳೆದಿರಬೇಕು. ಬ್ಲಾಕಿನಲ್ಲಿ ಅಲ್ಲಲ್ಲಿ ಹದಿನೈದು ಕಡೆ ತರಗೆಲೆ ಸರಿಸಿ, ವಿ ಆಕಾರದಲ್ಲಿ 9 ಇಂಚು ಆಳಕ್ಕೆ ಗುಂಡಿ ತೆಗೆದು, ಬದಿಯಿಂದ ಮಣ್ಣು ಕೆರೆದುಕೊಳ್ಳಿ. ಎಲ್ಲಾ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಸಾಡಿ, ಹೀಗೇ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ ಕೊಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ನಮಗೆ ಹತ್ತಿರ. ವರದಿಯಲ್ಲಿ ಮೊದಲು ನೋಡಬೇಕಾದದ್ದು ಎರಡು: ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನೋ ಅಳತೆ) ಮತ್ತು ಸಾವಯವ ಇಂಗಾಲ. ನಮ್ಮ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದು ಹೋಗುತ್ತದೆ, ಮೇಲಿಂದ ನಾವು ವರ್ಷ ವರ್ಷ ಯೂರಿಯಾ ಸುರಿಯುತ್ತೇವೆ, ಅದೂ ಮಣ್ಣನ್ನು ಹುಳಿ ಮಾಡುತ್ತದೆ. ಕಾಫಿಗೆ 6ರಿಂದ 6.5ರ ಪಿಎಚ್ ಒಳ್ಳೆಯದು. ಅದಕ್ಕಿಂತ ತುಂಬಾ ಕೆಳಗಿದ್ದರೆ ಮೊದಲ ಖರ್ಚು ಸುಣ್ಣ ಅಥವಾ ಡೋಲೋಮೈಟಿಗೇ ಆಗಲಿ. ಹುಳಿ ಮಣ್ಣಿನಲ್ಲಿ ಎರೆಹುಳವೂ ನಿಲ್ಲುವುದಿಲ್ಲ, ಹಾಕಿದ ರಂಜಕವೂ ಗಿಡಕ್ಕೆ ಸಿಗುವುದಿಲ್ಲ. ಮಳೆ ಮುಗಿದು ನೆಲದಲ್ಲಿ ತೇವ ಇರುವಾಗಲೇ ಸುಣ್ಣ ಹಾಕಿಸಿ. ಯೂರಿಯಾ ಜೊತೆ ಮಾತ್ರ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಒಂದು ತಿಂಗಳಾದರೂ ಅಂತರ ಇರಲಿ.

ಲ್ಯಾಬ್ ವರದಿ ಬರುವವರೆಗೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. 6 ಇಂಚು ವ್ಯಾಸದ ಪಿವಿಸಿ ಪೈಪಿನ ಒಂದು ತುಂಡು ಕತ್ತರಿಸಿ, ಎರಡು ಇಂಚು ನೆಲದೊಳಕ್ಕೆ ಬಡಿದು, 450 ಮಿಲಿ ನೀರು ಹಾಕಿ. ಅದು ಹೆಚ್ಚುಕಮ್ಮಿ ಒಂದು ಇಂಚು ಮಳೆಗೆ ಸಮ. ಇಂಗಲು ಎಷ್ಟು ಹೊತ್ತು ಬೇಕಾಯಿತು ಅಂತ ಮೊಬೈಲಿನಲ್ಲಿ ನೋಡಿ ಬರೆದುಕೊಳ್ಳಿ. ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಲೆಕ್ಕ ಹಾಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ ನೀರು. ಅದು ನೆಲಕ್ಕೆ ಇಳಿಯಬೇಕು, ಇಲ್ಲದಿದ್ದರೆ ಮಣ್ಣು ಹೊತ್ತುಕೊಂಡು ಕೊಲ್ಲಿಗೆ ಇಳಿಯುತ್ತದೆ.

ಕಳೆ

ಇಲ್ಲೇ ಅರ್ಧ ಕೆಲಸ ಇರೋದು, ಜಗಳವೂ ಇಲ್ಲೇ. ಒಳ್ಳೆಯ ತೋಟ ಅಂದರೆ ಕಸ ಗುಡಿಸಿದ ಅಂಗಳದ ಹಾಗೆ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತಿದೆ. ನೆಂಟರು ಬಂದರೆ ‘ತೋಟ ಒಳ್ಳೇ ಕ್ಲೀನ್ ಇಟ್ಟಿದ್ದೀರಿ’ ಅನ್ನಬೇಕು. ಆ ಒಂದು ಮಾತಿಗೆ ನಾವು ವರ್ಷಕ್ಕೆ ಎರಡು ಸಲ ಕಳೆನಾಶಕ ಹೊಡೆಸಿ, ಉಳಿದದ್ದನ್ನು ಕೆರೆಸಿ, ಮುಂಗಾರಿನ ಮೊದಲ ಹೊಡೆತಕ್ಕೆ ಬೋಳು ನೆಲ ಒಡ್ಡಿ ಕೂರುತ್ತೇವೆ. ನಮ್ಮ ಮೇಸ್ತ್ರಿ ಮೊದಲ ವರ್ಷ ಮುಖಕ್ಕೇ ಹೇಳಿದ, ‘ಸಾವ್ಕಾರ್ರೇ, ಪಕ್ಕದ ತೋಟದವರು ನಗ್ತಾರೆ.’ ನಗಲಿ ಬಿಡು ಅಂದೆ. ಆದರೆ ನನಗೂ ಒಳಗೆ ಕಸಿವಿಸಿ ಇತ್ತು ಅನ್ನೋದು ಸುಳ್ಳಲ್ಲ.

ಮಾಡಬೇಕಾದದ್ದು ಹೀಗೆ. ಗಿಡದ ಬುಡದ ಸುತ್ತ ಎರಡು ಅಡಿ ಕೈಯಿಂದ ಕಳೆ ತೆಗೆಸಿ, ಅದನ್ನು ಅಲ್ಲೇ ಬುಡಕ್ಕೆ ಹಾಸಿ. ಸಾಲಿನ ನಡುವೆ ಬೆಳೆದದ್ದನ್ನು ಕೀಳಬೇಡಿ. ಕಳೆ ಕತ್ತರಿಸುವ ಮಷಿನ್‌ನಿಂದ ಮೂರು, ನಾಲ್ಕು ಇಂಚು ಬಿಟ್ಟು ಮೇಲಷ್ಟೇ ಹೊಡೆಯಿರಿ. ಬೇರು ನೆಲದಲ್ಲೇ ಇರಬೇಕು, ಮಣ್ಣು ಹಿಡಿದುಕೊಳ್ಳೋದು ಅದೇ. ವರ್ಷಕ್ಕೆ ಮೂರು ಸುತ್ತು ಸಾಕು: ಮಳೆ ಜೋರಾಗುವ ಮುಂಚೆ, ಆಗಸ್ಟ್ ಕೊನೆಗೆ ಮಳೆ ಬಿಡುವು ಕೊಟ್ಟಾಗ, ಮತ್ತೆ ನವೆಂಬರಿನಲ್ಲಿ ಕೊಯ್ಲಿನ ಮುಂಚೆ. ಎಲ್ಲಾ ಕಳೆಯೂ ಒಂದೇ ಅಲ್ಲ. ಕಮ್ಯುನಿಸ್ಟ್ ಗಿಡ, ಲಂಟಾನ, ಗಿಡದ ಮೇಲೆ ಹತ್ತುವ ಬಳ್ಳಿಗಳನ್ನು ಬೇರುಸಹಿತ ಕೀಳಿಸಿ. ಸಣ್ಣ ಹುಲ್ಲು, ನೆಲಕ್ಕೆ ಅಂಟಿ ಹರಡುವ ಸೊಪ್ಪು ಇರಲಿ. ಮೊದಲ ಎರಡು ಸುತ್ತಿಗೆ ಮೇಸ್ತ್ರಿ ಜೊತೆ ನೀವೇ ನಿಂತು ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ತೋರಿಸದಿದ್ದರೆ ಸಂಜೆ ಹೊತ್ತಿಗೆ ಎಲ್ಲಾ ಹೋಗಿರುತ್ತದೆ.

ಕಂಟ್ರಾಕ್ಟಿಗೆ ಕೊಡುವವರು ಕರಾರು ಮಾತನ್ನು ಬದಲಿಸಬೇಕು. ‘ಎಕರೆಗೆ ಇಷ್ಟು, ಕ್ಲೀನ್ ಮಾಡಿ ಕೊಡಬೇಕು’ ಅಂದರೆ ಅವನು ನೆಲ ಕೆರೆದೇ ಕೊಡುತ್ತಾನೆ. ಬುಡಕ್ಕೆ ಇಷ್ಟು, ಸಾಲು ಹೊಡೆಯಲು ಇಷ್ಟು ಅಂತ ಬೇರೆ ಬೇರೆ ಮಾತಾಡಿ. ಹಾವಿನ ಭಯ ನಿಜವಾದ ಭಯ, ಅದನ್ನು ನಕ್ಕು ಬಿಡಬೇಡಿ. ಎಲ್ಲರಿಗೂ ಗಂಬೂಟ್ ಕೊಡಿಸಿ, ಓಡಾಡುವ ದಾರಿಯನ್ನು ಬೋಳಾಗಿಯೇ ಇಡಿ. ಜಿಗಣೆಗೆ ನನ್ನ ಹತ್ತಿರ ಉಪಾಯ ಇಲ್ಲ.

ಇನ್ನು ಇದರ ತೊಂದರೆಗಳು. ಒಂದು, ಕಳೆ ಎತ್ತರ ಬಿಟ್ಟರೆ ಮಳೆಗಾಲದಲ್ಲಿ ಗಿಡದ ಸುತ್ತ ಗಾಳಿ ಆಡುವುದಿಲ್ಲ, ಕೊಳೆ ರೋಗ ಬರುತ್ತದೆ. ನಾನು ಒಂದು ವರ್ಷ ಜೂನ್ ಸುತ್ತು ತಪ್ಪಿಸಿ ಕೊಲ್ಲಿ ಪಕ್ಕದ ಸಾಲುಗಳಲ್ಲಿ ಸರಿಯಾಗಿ ಅನುಭವಿಸಿದೆ. ಎರಡು, ಉದುರು ಕಾಫಿ. ನೆಲದಲ್ಲಿ ಹುಲ್ಲಿದ್ದರೆ ಉದುರಿದ ಹಣ್ಣು ಕಾಣುವುದಿಲ್ಲ, ಹೆಕ್ಕದೆ ಬಿಟ್ಟ ಹಣ್ಣಿನಲ್ಲಿ ಕಾಯಿಕೊರಕ ಕೂತು ಮುಂದಿನ ಬೆಳೆಗೆ ಬರುತ್ತದೆ. 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡ ಹುಳ ಅದು, ಈಗ ನಮ್ಮ ಮನೆಯದೇ ಆಗಿದೆ. ಅದಕ್ಕೇ ನವೆಂಬರ್ ಸುತ್ತು ಗಟ್ಟಿಯಾಗಿ ಆಗಬೇಕು ಅನ್ನೋದು. ಕೊಯ್ಯುವಾಗ ಬುಡಕ್ಕೆ ಶೀಟು ಹಾಸಲೇಬೇಕು, ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಬಿದ್ದದ್ದು ಎರಡನ್ನೂ ಹೆಕ್ಕಿಸಬೇಕು. ಈ ಹೆಕ್ಕುವ ಖರ್ಚು ಮೊದಲ ವರ್ಷ ಜಾಸ್ತಿಯೇ ಆಗುತ್ತದೆ. ಕಾಯಿಕೊರಕ ಜೋರಿರುವ ಬ್ಲಾಕಿನಲ್ಲಿ ಇದನ್ನೆಲ್ಲಾ ಶುರು ಮಾಡಬೇಡಿ, ಮೊದಲು ಹುಳ ಹಿಡಿತಕ್ಕೆ ತನ್ನಿ.

ಸಿಪ್ಪೆ ಮಾರಬೇಡಿ

ಒಂದು ಟನ್ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಬರುವಷ್ಟು ಬೆಳೆ ತೆಗೆದರೆ ಮಣ್ಣಿನಿಂದ ಸುಮಾರು 35 ಕೆಜಿ ಸಾರಜನಕ, 50 ಕೆಜಿಯಷ್ಟು ಪೊಟ್ಯಾಷ್ ಹೊರಗೆ ಹೋಗುತ್ತದೆ. ಆ ಪೊಟ್ಯಾಷಿನ ದೊಡ್ಡ ಪಾಲು ಇರುವುದು ಸಿಪ್ಪೆಯಲ್ಲಿ. ಆ ಸಿಪ್ಪೆಯನ್ನು ಬಾಯ್ಲರಿಗೆ ಉರಿಸಲು ಲಾರಿಗಟ್ಟಲೆ ಮಾರಿ, ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಪೊಟ್ಯಾಷ್ ಮೂಟೆ ತರುತ್ತೇವೆ. ಇದಕ್ಕಿಂತ ತಮಾಷೆ ಬೇರೆ ಇಲ್ಲ. ಕಾಫಿಯನ್ನು ಚೆರ್ರಿಯಾಗಿಯೇ (ಸಿಪ್ಪೆ ಸಮೇತ ಒಣಗಿಸಿ) ಮಾರುವವರು ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಯಿಂದ ಸಿಪ್ಪೆ ವಾಪಸ್ ತರಲು ಆಗುತ್ತಾ ಅಂತ ಮಾತಾಡಿ ನೋಡಿ. ತೋಟದಲ್ಲೇ ಸಿಪ್ಪೆ ಬಿಡಿಸುವ ಹಲ್ಲರ್ ಮಷಿನ್ ಇದ್ದರೆ ಚಿಂತೆಯೇ ಇಲ್ಲ.

ಹಸಿ ಸಿಪ್ಪೆಯಾಗಲಿ, ಒಣ ಹೊಟ್ಟಾಗಲಿ ನೇರ ಬುಡಕ್ಕೆ ರಾಶಿ ಹಾಕಬೇಡಿ. ಕಣದ ಪಕ್ಕ, ನೀರು ನಿಲ್ಲದ ಜಾಗದಲ್ಲಿ ಐದಾರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಉದ್ದ ಎಷ್ಟಾದರೂ ಆಗಲಿ, ಹಾಗೆ ರಾಶಿ ಮಾಡಿ. ಒಂದು ಅಡಿ ಸಿಪ್ಪೆ, ಮೇಲೆ ಹಸಿ ಸೊಪ್ಪು, ಮರಗಸಿಯಲ್ಲಿ (ನೆರಳು ಮರದ ರೆಂಬೆ ಸವರುವಾಗ) ಬಿದ್ದ ಹಾಲುವಾಣದ ಎಲೆ, ಮೇಲೆ ಸಗಣಿ ಬಗ್ಗಡ, ಮತ್ತೆ ಸಿಪ್ಪೆ. ಒಣ ಹೊಟ್ಟು ಸುಲಭಕ್ಕೆ ನೀರು ಕುಡಿಯುವುದಿಲ್ಲ. ಹಿಂದಿನ ದಿನವೇ ಸ್ಪ್ರಿಂಕ್ಲರಿನ ಒಂದು ಜೆಟ್ ತಿರುಗಿಸಿ ನೆನೆಸಿಡಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು, ಅಷ್ಟು ಹದ. ವಾರದಲ್ಲಿ ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ ಬರುತ್ತದೆ. ಬರದಿದ್ದರೆ ಸಗಣಿ ಕಡಿಮೆಯಾಗಿದೆ ಅಥವಾ ನೀರು ಹೆಚ್ಚುಕಮ್ಮಿಯಾಗಿದೆ. ಮೂರು ವಾರಕ್ಕೊಮ್ಮೆ ಮಗುಚಬೇಕು. ದೊಡ್ಡ ತೋಟಕ್ಕೆ ಇರುವ ಅನುಕೂಲ ಇದೇ: ಹೇಗೂ ಜೆಸಿಬಿ ರಸ್ತೆ ಕೆಲಸಕ್ಕೆ ಬರುತ್ತದೆ, ಅರ್ಧ ಗಂಟೆ ಇದಕ್ಕೂ ಹಚ್ಚಿ. ಮಾರ್ಚಿನಲ್ಲಿ ಹಾಕಿದ್ದು ಮಳೆ ಹಿಡಿಯುವ ಹೊತ್ತಿಗೆ ಪೂರ್ತಿ ಆಗದಿದ್ದರೆ ಟಾರ್ಪಾಲ್ ಮುಚ್ಚಿ. ಪೊಟ್ಯಾಷ್ ನೀರಲ್ಲಿ ಕರಗಿ ಹೋಗುವ ಜಾತಿ, ತೆರೆದಿಟ್ಟರೆ ಆಷಾಢದ ಮಳೆಗೆ ಸಾರವೆಲ್ಲಾ ಚರಂಡಿಗೆ ಹೋಗಿ ಕಪ್ಪು ನಾರು ಮಾತ್ರ ಉಳಿಯುತ್ತದೆ.

ಇದರಿಂದ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು? ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣೇ ಸುಮಾರು 800 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಅಂಶ ಶೇಕಡಾ 1 ಏರಬೇಕಾದರೆ 8 ಟನ್ ಒಣ ಪದಾರ್ಥ ಮಣ್ಣಲ್ಲಿ ನಿಲ್ಲಬೇಕು. ಹಾಕಿದ್ದರಲ್ಲಿ ಹೆಚ್ಚಿನ ಪಾಲು ಕೊಳೆತು ಗಾಳಿಗೇ ಹೋಗುತ್ತದೆ. ಹಾಗಾಗಿ ಒಂದು ಲಾರಿ ಗೊಬ್ಬರ ಹಾಕಿ ಮುಂದಿನ ವರ್ಷ ವರದಿಯಲ್ಲಿ ಬದಲಾವಣೆ ಹುಡುಕಬೇಡಿ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಕೊಟ್ಟಿಗೆ ಗೊಬ್ಬರ ತರಿಸುವವರು ಅದನ್ನೇ ನೇರ ಹಾಕುವ ಬದಲು ಸಿಪ್ಪೆ ರಾಶಿಗೆ ಸೇರಿಸಿದರೆ ಜಾಸ್ತಿ ಜಾಗಕ್ಕೆ ಸಾಲುತ್ತದೆ. ಅದರ ಜೊತೆ ಪಾರ್ಥೇನಿಯಂ ಬೀಜವೂ ಬರುತ್ತದೆ, ರಾಶಿಯ ಬಿಸಿಗೆ ಅದರ ಕಾಟವೂ ಇಳಿಯುತ್ತದೆ.

ಜೀವಾಮೃತದ ಬಗ್ಗೆ ಕೇಳುವವರಿಗೆ ಒಂದು ಲೆಕ್ಕ. ಎಕರೆಗೆ 200 ಲೀಟರ್ ಅಂದರೆ ನೂರೈವತ್ತು ಎಕರೆಗೆ ಒಂದು ಸುತ್ತಿಗೆ 30,000 ಲೀಟರ್. 200 ಲೀಟರಿಗೆ 10 ಕೆಜಿ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಹಿಟ್ಟು. ನೀವೇ ಗುಣಿಸಿ ನೋಡಿ. ನಾನು ಅದನ್ನು ನರ್ಸರಿಗೆ, ಹೊಸ ನಾಟಿಗೆ, ಗೊಬ್ಬರ ರಾಶಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಲ್ಲಿಸಬೇಡಿ. ಹೀಗೆ ಮಾಡಿದ ತೋಟಗಳಲ್ಲಿ ಎರಡನೇ ವರ್ಷ ಗಿಡ ಹಳದಿಯಾಗಿ, ರೆಕ್ಕೆ (ಅಡ್ಡ ರೆಂಬೆ) ಒಣಗಿ, ಮೂರನೇ ವರ್ಷ ಮಾಲೀಕರು ಸಿಟ್ಟಲ್ಲಿ ಮೊದಲಿಗಿಂತ ಜಾಸ್ತಿ ಸುರಿದದ್ದನ್ನು ನೋಡಿದ್ದೇನೆ. ಕಾಂಪೋಸ್ಟ್ ಬಿದ್ದ ಬ್ಲಾಕಿನಲ್ಲಿ ಮೊದಲು ಪೊಟ್ಯಾಷ್ ಕಾಲು ಭಾಗ ಇಳಿಸಿ. ಎಲೆ, ಚಿಗುರು, ಮುಂದಿನ ಮಣ್ಣಿನ ವರದಿ ನೋಡಿಕೊಂಡು ಸಾರಜನಕಕ್ಕೆ ಬನ್ನಿ.

ಮರ

ನೆರಳಿನ ವಿಷಯದಲ್ಲಿ ನಮ್ಮ ಅಜ್ಜಂದಿರು ನಮಗಿಂತ ಜಾಣರು. ಅತ್ತಿ, ಗೋಣಿ, ಬಸರಿ, ಹಲಸು, ನೇರಳೆ, ಹೊನ್ನೆ, ಬೀಟೆ, ಕೆಳಗೆ ಹಾಲುವಾಣ. ಆಮೇಲೆ ಬಂತು ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತುತ್ತದೆ, ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಾಗಿಲ್ಲ. ಅದನ್ನು ಬೈಯುವುದು ಸುಲಭ, ಆದರೆ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ತೋಟ ಉಳಿಸಿದ್ದು ಅದೇ. ತೊಂದರೆ ಏನೆಂದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ನೆರಳೂ ತೆಳು. ಅರೇಬಿಕಾ ಇರುವ ಕಡೆ ನೆರಳು ತೆಳುವಾದರೆ ಬಿಳಿ ಕಾಂಡಕೊರಕಕ್ಕೆ ಆಹ್ವಾನ ಕೊಟ್ಟ ಹಾಗೆ. ಇರುವ ಓಕ್ ಕಡಿಯಬೇಡಿ. ಬಿದ್ದ ಮರದ ಜಾಗಕ್ಕೆ, ಖಾಲಿ ಇರುವ ಕಡೆಗೆ ಮತ್ತೆ ಓಕ್ ಹಾಕದೆ ನಮ್ಮ ಮರ ಹಾಕಿ. ಅತ್ತಿ, ಗೋಣಿಯ ಗೂಟ ಮುಂಗಾರಿನಲ್ಲಿ ನೆಟ್ಟರೂ ಚಿಗುರುತ್ತದೆ. ಹಾಲುವಾಣ ಸಾರಜನಕವನ್ನೂ ಕೊಡುತ್ತದೆ, ಸವರಿದ ಸೊಪ್ಪು ಬೇಗ ಮಣ್ಣಾಗುತ್ತದೆ. ಮರಗಸಿಯಲ್ಲಿ ಬಿದ್ದ ಸಣ್ಣ ರೆಂಬೆಯನ್ನು ಸುಡಿಸಬೇಡಿ. ಕತ್ತರಿಸಿ ಸಾಲಿಗೆ ಅಡ್ಡ ಹಾಕಿ, ಇಳಿಜಾರಿನ ನೀರು ತಡೆಯುತ್ತದೆ.

ಹಲಸಿನ ವಿಚಾರದಲ್ಲಿ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇನೆ. ಆನೆ ಬರುವ ದಾರಿಯಲ್ಲಿರುವವರಿಗೆ ಹಲಸು ನೆಡಿ ಅಂತ ಹೇಳುವ ಧೈರ್ಯ ನನಗಿಲ್ಲ.

ಮೆಣಸಿಗೆ ಒಂದು ಎಚ್ಚರಿಕೆ. ಸೊರಗು ರೋಗ ಮಳೆ ಹನಿಯ ಜೊತೆ ಮಣ್ಣಿನಿಂದ ಎಲೆಗೆ ಸಿಡಿಯುತ್ತದೆ. ಬುಡದಲ್ಲಿ ಹೊದಿಕೆ ಇದ್ದರೆ ಸಿಡಿತ ಕಡಿಮೆ. ಆದರೆ ಬುಡದಲ್ಲಿ ನೀರು ನಿಲ್ಲಬಾರದು, ಬೇರಿಗೆ ಗುದ್ದಲಿ ತಾಗಬಾರದು. ಟ್ರೈಕೋಡರ್ಮಾವನ್ನು (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಹದವಾದ ಗೊಬ್ಬರದಲ್ಲಿ ಬೆಳೆಸಿ ಹಾಕುವವರು ತಾಮ್ರದ ಔಷಧಿ ಬುಡಕ್ಕೆ ಸುರಿದ ವಾರದಲ್ಲೇ ಹಾಕಿ ಎರಡನ್ನೂ ದಂಡ ಮಾಡಬೇಡಿ.

ನೀರು, ರಸ್ತೆ, ಬರೆ

ಅತಿ ಹೆಚ್ಚು ಮಣ್ಣು ಹೋಗುವುದು ಗಿಡದ ಬುಡದಿಂದಲ್ಲ, ತೋಟದ ರಸ್ತೆಯಿಂದ. ಜೀಪ್ ರಸ್ತೆ ಇಳಿಜಾರಿನಲ್ಲಿ ನೇರ ಇಳಿದಿದ್ದರೆ ಮಳೆಗಾಲದಲ್ಲಿ ಅದೇ ಹೊಳೆ. ಇಪ್ಪತ್ತು, ಮೂವತ್ತು ಹೆಜ್ಜೆಗೊಂದು ಅಡ್ಡ ಚರಂಡಿ ಕೊಟ್ಟು ನೀರನ್ನು ತೋಟದೊಳಗೆ ಹುಲ್ಲಿರುವ ಕಡೆ ಬಿಡಿ. ರಸ್ತೆ ಬದಿಯ ಬರೆಗೆ ಲಾವಂಚ ನೆಡಿ. ಮಳೆಗಾಲದ ಮುಂಚೆ ಜೆಸಿಬಿಯಿಂದ ಬರೆ ಕೆರೆಯುವ ಚಟ ನಿಲ್ಲಿಸಿ.

ಸಾಧಾರಣ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ಒಳ್ಳೆಯದು. ನಾಲ್ಕು ಗಿಡದ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳ, ಮೇಲಿನ ಸಾಲಿನ ಗುಂಡಿಯ ನೇರಕ್ಕೆ ಕೆಳಗಿನದು ಬರದ ಹಾಗೆ. ಆಗಸ್ಟ್ ನಂತರ ತೆಗೆಸಿ, ತರಗೆಲೆ, ಕಳೆ ಅದಕ್ಕೇ ತುಂಬಿಸಿ. ಆದರೆ ಕಡಿದಾದ ಬರೆಯಲ್ಲಿ, ನೆಲದಲ್ಲಿ ಬಿರುಕು ಕಂಡ ಕಡೆ, ಈ ಗುಂಡಿ ಬೇಡವೇ ಬೇಡ. ಅಲ್ಲಿ ನೀರು ಇಂಗಿಸುವುದಲ್ಲ, ಮೆಲ್ಲಗೆ ಹೊರಗೆ ಕಳಿಸಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಗುಡ್ಡವೇ ಇಳಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಜಾಗದಲ್ಲಿ ಮರದ ಬೇರು ಮತ್ತು ಹುಲ್ಲು, ಇಷ್ಟೇ ಇರಲಿ.

ಕೊಲ್ಲಿಯ ಎರಡೂ ಬದಿ ಇಪ್ಪತ್ತು ಅಡಿ ಏನೂ ಮಾಡದೆ ಬಿಡಿ, ಗೊಬ್ಬರ, ಔಷಧಿ ಯಾವುದೂ ಬೇಡ. ರೋಬಸ್ಟಾ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿ ಬೇಕು, ಜೇನು ಬೇಕು. ಹೂ ಮಳೆ ಆಗಿ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಆಗ ಯಾವ ಸ್ಪ್ರೇಯೂ ಬೇಡ. ಹೆಜ್ಜೇನು ಕಟ್ಟುವ ದೊಡ್ಡ ಮರ ಇದ್ದರೆ ಅದನ್ನು ಮುಟ್ಟಬೇಡಿ.

ಲೆಕ್ಕದ ಪುಸ್ತಕ

ಆ ಬ್ಲಾಕಿಗೆ ಬೇರೆ ಪುಸ್ತಕ ಇಡಿ. ಹಾಜರಿ, ಪೆಟ್ರೋಲ್, ಗೊಬ್ಬರ, ಹೆಕ್ಕಿದ ಕಾಫಿ, ಕೊಯ್ದ ಹಣ್ಣಿನ ಬುಶೆಲ್ ಅಳತೆಯ ಲೆಕ್ಕ, ಎಲ್ಲಾ ಅದರಲ್ಲೇ. ಪಕ್ಕದ ಹಳೇ ಬ್ಲಾಕಿಗೂ ಒಂದು. ರೈಟರ್ ಗೊಣಗುತ್ತಾನೆ, ಗೊಣಗಲಿ. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಅದೇ ಐದು ಜಾಗಕ್ಕೆ ಹೋಗಿ ಪೈಪಿನ ಪರೀಕ್ಷೆ ಮಾಡಿ, ಒಂದು ಅಡಿ ಚೌಕ ಮಣ್ಣು ಎತ್ತಿ ಎರೆಹುಳ ಎಣಿಸಿ ಬರೆದಿಡಿ. ಮೊದಲ ವರ್ಷ ಖರ್ಚು ಜಾಸ್ತಿ ಇರುತ್ತದೆ, ಇಳುವರಿ ಹಾಗೇ ಇರುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. ಇದನ್ನು ಪಾಲುದಾರರಿಗೆ ಮೊದಲೇ ಹೇಳಿಬಿಡಿ. ನಮ್ಮ ತೋಟದಲ್ಲಿ ಮೊದಲು ಕಂಡ ವ್ಯತ್ಯಾಸ ಕಾಫಿಯಲ್ಲಲ್ಲ, ಕೆರೆಯಲ್ಲಿ. ಮೂರನೇ ಬೇಸಿಗೆ ಹೂವಿಗೆ ನೀರು ಕೊಟ್ಟ ಮೇಲೆ ಆ ಬ್ಲಾಕಿನ ನೆಲ ಇನ್ನೂ ತಂಪಿತ್ತು, ಹಿಂಬಾಲಿಸಿ ಕೊಡುವ ನೀರನ್ನು ಐದು ದಿನ ತಡವಾಗಿ ಕೊಟ್ಟೆವು. ಅಷ್ಟರಲ್ಲಿ ಒಂದು ಇಂಚು ಹತ್ತು ಸೆಂಟು ಮಳೆ ಬಂತು. ಪಂಪ್ ಹಚ್ಚಲೇ ಇಲ್ಲ. ಆ ವಾರದ ಡೀಸೆಲ್ ಖರ್ಚಿನ ಕಾಲಮ್ಮಿನಲ್ಲಿ ರೈಟರ್ ಒಂದು ಗೆರೆ ಎಳೆದಿದ್ದಾನೆ, ಆ ಪುಟವನ್ನೇ ಪಾಲುದಾರರಿಗೆ ತೋರಿಸಿದೆ.